ಕೆಂಪು ಬಣ್ಣದ ನಟ್ಟು ಮತ್ತು ನನ್ನ ತಮ್ಮನ ದವಡೆ

ಮಾನ್ಯ ಮುಖ್ಯ ತೀರ್ಪುಗಾರರೇ,

ರಾಜ್ಯೋತ್ಸವದ ಸೈಕಲ್ ಓಟದ ದಿನ ದಿಬ್ಬೂರಹಳ್ಳಿಯಲ್ಲಿ ನಿಮ್ಮ ಕೆನ್ನೆಗೆ ಹೊಡೆದವಳು ನಾನೇ. ಜೀಪಿನ ಗಾಜು ಒಡೆದವಳೂ ನಾನೇ. ಠಾಣೆಗೆ ಕೊಟ್ಟ ದೂರಿನಲ್ಲಿ ‘ಅಪರಿಚಿತ ಗುಂಪು’ ಎಂದು ಬರೆಸಿದ್ದೀರಂತೆ. ಹೆಂಗಸಿನ ಕೈಲಿ ಏಟು ತಿಂದೆ ಎನ್ನಲು ನಾಚಿಕೆಯಾಗಿರಬೇಕು. ಆ ಏಟಿಗೆ ಕಾರಣವಾದ ನಿಮ್ಮ ನಿಯಮವನ್ನು ಊರೆಲ್ಲ ತಿಳಿಯಲಿ ಎಂದು ಇದನ್ನು ಬಹಿರಂಗ ಪತ್ರವಾಗಿ ಬರೆಯುತ್ತಿದ್ದೇನೆ.

ಶಿಡ್ಲಘಟ್ಟದಲ್ಲಿ ಓಟ ಶುರುವಾಗುವ ಮುನ್ನ ಪ್ರತಿ ಸೈಕಲ್ಲಿನ ನಟ್ಟುಗಳಿಗೂ ಕೆಂಪು ಬಣ್ಣ ಬಳಿಸಿದಿರಿ. ನಡುವೆ ಯಾರಾದರೂ ಸ್ಪ್ಯಾನರ್ ಹಾಕಿ ಬಣ್ಣ ಬಿರುಕು ಬಿಡಿಸಿದರೆ ಅವನು ಓಟದಿಂದ ಹೊರಗೆ, ಹಾಗಿದ್ದರೇ ಎಲ್ಲರೂ ಸಮಾನರು ಎಂದು ಮೈಕಿನಲ್ಲಿ ಸಾರಿದಿರಿ. ನನ್ನ ತಮ್ಮ ರಾಮಾಂಜಿನಪ್ಪ ದಿನವೂ ರೇಷ್ಮೆಗೂಡಿನ ಮೂಟೆ ಹೇರಿಕೊಂಡು ಮಾರುಕಟ್ಟೆಗೆ ಹೋಗುವವನು. ಭಾರವೆಲ್ಲ ಹಿಂದಿರುವುದರಿಂದ ಅವನು ಹಿಂದಿನ ಬ್ರೇಕನ್ನು ಬಿಗಿಯಾಗಿ, ಮುಂದಿನದನ್ನು ಸಡಿಲವಾಗಿ ಇಟ್ಟುಕೊಂಡಿದ್ದ. ಅದೇ ಸೈಕಲ್ಲನ್ನು ಹಾಗೆಯೇ ಓಟಕ್ಕೆ ತಂದ. ಮೂಟೆಯಿಲ್ಲದಿದ್ದರೆ ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ಜಾರುತ್ತದೆ ಎಂದು ದಾರಿಯಲ್ಲಿ ಗೊತ್ತಾಯಿತು. ತಪ್ಪು ಅವನದೇ. ತಿದ್ದಿಕೊಳ್ಳಲು ಬಿಡದ ತಪ್ಪು ಯಾರದು?

ಓಟ ಶಿಡ್ಲಘಟ್ಟಕ್ಕೆ ವಾಪಸ್ ತಿರುಗುವುದು ನನ್ನ ಗಂಡನ ಊರಾದ ದಿಬ್ಬೂರಹಳ್ಳಿಯಲ್ಲಿ. ನಾನು ಅಲ್ಲಿ ಸವಾರರಿಗೆ ನೀರು ಕೊಡುತ್ತಿದ್ದೆ. ತಮ್ಮ ಇಳಿದು ನಿಮ್ಮೆದುರಿಗೇ ನಿಂತ.

“ಸಾರ್, ಮುಂದಿನ ಬ್ರೇಕು ಹಿಡೀತಿಲ್ಲ. ಒಂಚೂರು ಟೈಟ್ ಮಾಡ್ಕೊಂತೀನಿ.”

“ಸ್ಪ್ಯಾನರ್ ಮುಟ್ಟಿದ್ರೆ ಔಟು ಕಣಪ್ಪ.”

“ಮುಂದೆ ಇಳಿಜಾರು ಸಾರ್, ಜೀವ ಹೋಗ್ತದೆ,” ಎಂದೆ ನಾನು.

“ನೀನು ನೀರು ಕೊಡಮ್ಮ, ಸಾಕು.”

ಅದೇ ಹೊತ್ತಿಗೆ ನಿಮ್ಮ ಜೀಪಿನ ಹಿಂದೆ ಓಟದಲ್ಲಿದ್ದ ಕಂಟ್ರಾಕ್ಟರರೊಬ್ಬರ ಮಗನ ಸೈಕಲ್ಲಿಗೆ ಮೆಕ್ಯಾನಿಕ್ ಸೀಟು ಎತ್ತರಿಸುತ್ತಿದ್ದ, ಚೈನು ಬಿಗಿ ಮಾಡುತ್ತಿದ್ದ. ಇದೇನು ಎಂದು ಕೇಳಿದೆ. “ಅದು ರಿಪೇರಿ, ಮಾಡ್ಬಹುದು. ನಿಮ್ದು ಅಡ್ಜಸ್ಟ್‌ಮೆಂಟು,” ಎಂದಿರಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ತಮ್ಮ ನನ್ನ ಕೈಯಿಂದ ಚೊಂಬು ಇಸಿದುಕೊಂಡು ಕುಡಿದ. “ಬಿಡಕ್ಕಾ, ಹುಷಾರಾಗಿ ಹೋಗ್ತೀನಿ,” ಎಂದು ಹೊರಟ.

ಇಳಿಜಾರಿನಲ್ಲಿ ಹಿಂದಿನ ಚಕ್ರ ಅಡ್ಡ ತಿರುಗಿದ್ದನ್ನು ನಾನೂ ಕಂಡೆ, ನೀವೂ ಕಂಡಿರಿ. ಸೈಕಲ್ಲು ಹುಣಿಸೆಮರಕ್ಕೆ ಅಪ್ಪಳಿಸಿತು. ನಾನು ಓಡಿಹೋಗುವಷ್ಟರಲ್ಲಿ ಅವನ ಕೆಳದವಡೆ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು, ಉಗಿದ ರಕ್ತದಲ್ಲಿ ಹಲ್ಲುಗಳಿದ್ದವು. ಅಕ್ಕಾ ಎನ್ನಲು ಹೋದ, ಆಗಲಿಲ್ಲ. ನೀವು ಜೀಪಿನಲ್ಲಿ ಬಂದು ಮೊದಲು ನೋಡಿದ್ದು ನಟ್ಟಿನ ಬಣ್ಣವನ್ನು. “ಬಿರಿದಿಲ್ಲ,” ಎಂದಿರಿ. ಆಗ ನನ್ನ ಕೈ ಎದ್ದು ನಿಮ್ಮ ಕೆನ್ನೆಗೆ ಬಿತ್ತು. ಅವನ ಜೇಬಿನಿಂದ ಬಿದ್ದಿದ್ದ ಸ್ಪ್ಯಾನರಿನಿಂದ ನಿಮ್ಮ ಜೀಪಿನ ಗಾಜು ಪುಡಿ ಮಾಡಿದೆ. ನನ್ನ ಗಂಡ ಹಿಡಿದು ಎಳೆಯದಿದ್ದರೆ ಮುಂದಿನದು ನಿಮ್ಮ ತಲೆಯೇ. ಇದಕ್ಕಾಗಿ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಸ್ವಾಮಿ, ನಡುವೆ ನಿಂತು ನಟ್ಟು ತಿರುಗಿಸುವವನು ಅಷ್ಟು ಹೊತ್ತು ಕಳೆದುಕೊಳ್ಳುತ್ತಾನೆ. ಹಿಂದೆ ಬಿದ್ದವರು ಮುಂದೆ ಹೋಗುತ್ತಾರೆ. ಅವನಿಗೆ ಅದೇ ದಂಡವಲ್ಲವೇ? ಇದರಲ್ಲಿ ಯಾರಿಗೆ ಯಾವ ಮೋಸ? ಮೋಸ ಇರುವುದು ಒಬ್ಬನ ಸ್ಪ್ಯಾನರು ಕಾಣುವ, ಇನ್ನೊಬ್ಬನದು ಕಾಣದ ನಿಮ್ಮ ಕಣ್ಣಿನಲ್ಲಿ.

ಸಂಕ್ರಾಂತಿಗೆ ಮತ್ತೆ ಓಟವಂತೆ, ಮತ್ತೆ ಬಣ್ಣವಂತೆ. ನನ್ನ ತಮ್ಮನ ದವಡೆಗೆ ತಂತಿ ಕಟ್ಟಿದ್ದಾರೆ, ಗಂಜಿಯನ್ನು ನಳಿಗೆಯಲ್ಲಿ ಹೀರುತ್ತಾನೆ. ಅವನ ಸೈಕಲ್ಲಿಗೆ ಹೊಸ ಚಕ್ರ ಹಾಕಿಸಿದ್ದೇನೆ. ಬ್ರೇಕನ್ನು ಮಾತ್ರ ಯಾರೂ ಮುಟ್ಟಿಲ್ಲ, ನಿಮ್ಮ ಬಣ್ಣ ಹಾಗೆಯೇ ಇದೆ. ಒಂದೋ ಆ ನಿಯಮ ತೆಗೆಯಿರಿ, ಇಲ್ಲವೇ ಓಟದ ಹಿಂದಿನ ದಿನ ಬಂದು ಆ ಸೈಕಲ್ ಹತ್ತಿ ಅದೇ ಇಳಿಜಾರು ಇಳಿದು ತೋರಿಸಿ. ಹುಣಿಸೆಮರದ ಹತ್ತಿರ ನೀರು ಹಿಡಿದು ನಿಂತಿರುತ್ತೇನೆ.

ಇಂತಿ,
ನಿಮ್ಮ ‘ಅಪರಿಚಿತ ಗುಂಪು’,
ಕದಿರಮ್ಮ, ದಿಬ್ಬೂರಹಳ್ಳಿ