ಮಳೆಮುಸುರೆ

ಸೊಲ್‌ಗೋಲ್
ಸೆಪ್ಟೆಂಬರ್ ೪, ಮಧ್ಯಾಹ್ನ

ಪ್ರೀತಿಯ ಹ್ವಾಜಾ,

ಹೇಗಿದ್ದೀಯ? ನಿಮ್ಮ ಮನೆಯವರ ಮೊಣಕಾಲು ನೋವು ಕಡಿಮೆಯಾಯಿತೇ? ಬುಸಾನ್‌ನಲ್ಲಿ ಬೀದಿಯೆಲ್ಲ ಹೊಳೆಯಾಗುವಷ್ಟು ಮಳೆ ಸುರಿಯಿತೆಂದು ಟಿವಿಯಲ್ಲಿ ತೋರಿಸಿದರು. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ಆಮೇಲೆ ಆ ನೀರಿನಲ್ಲಿ ನೀನೂ ಎಲ್ಲೋ ಕೊಡೆ ಹಿಡಿದು ನಡೆಯುತ್ತಿರಬಹುದು ಎಂದುಕೊಂಡು ಸಮಾಧಾನ ಮಾಡಿಕೊಂಡೆ.

ನಿಮ್ಮಮ್ಮನ ಕಾರ್ಯ ಮುಗಿದು ನೀನು ಬಸ್ಸು ಹತ್ತಿದ ವಾರದಲ್ಲೇ ಬರೆಯಬೇಕೆಂದಿದ್ದೆ. ಬರೆಯಲು ಕೂತರೆ ಬೆವರು ತೊಟ್ಟಿಕ್ಕಿ ಅಕ್ಷರ ಕಲಸಿಹೋಗುತ್ತಿತ್ತು ಎಂದು ನೆಪ ಹೇಳಬಹುದು. ನಿಜವೆಂದರೆ ಕೈ ಬರಲಿಲ್ಲ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೆ ನನಗೇನೂ ಕೋಪವಿಲ್ಲ. ಕಾಗದವಾದರೆ ಹರಿದುಹಾಕುವ ಮುಂಚೆ ಒಂದು ಸಲ ಓದಿಯೇ ಓದುತ್ತೀಯ. ಇನ್ನೊಬ್ಬರ ಮನೆಯ ಕಾಗದವನ್ನೂ ಬಿಡದವಳು ನೀನು, ನನಗೆ ಗೊತ್ತಿಲ್ಲವೇ.

ಇಲ್ಲಿಯ ಸುದ್ದಿ ಏನೆಂದು ಬರೆಯಲಿ. ಪಂಚಾಂಗದ ಪ್ರಕಾರ ಶರತ್ಕಾಲ ಶುರುವಾಗಿ ಎಷ್ಟೋ ದಿನವಾಯಿತು. ಬಿಸಿಲಿಗೆ ಆ ಪಂಚಾಂಗವನ್ನು ಯಾರೂ ಓದಿ ಹೇಳಿಲ್ಲ. ನೀರಿನ ವಾಲ್ವನ್ನು ಮೀಟರಿನ ಹತ್ತಿರವೇ ಅರ್ಧ ತಿರುವಿಟ್ಟು ಸೀಲು ಹಾಕಿದ್ದಾರೆ, ನಲ್ಲಿಯಲ್ಲಿ ಮೂಗು ಸೋರಿದ ಹಾಗೆ ಬರುತ್ತದೆ. ಪೇಟೆಯ ಸಾರ್ವಜನಿಕ ಸ್ನಾನದ ಮನೆಗಳೆಲ್ಲ ಬಾಗಿಲು ಹಾಕಿವೆ. ನಾವು ಚಿಕ್ಕಂದಿನಲ್ಲಿ ಬೆನ್ನುಜ್ಜಿಸಿಕೊಂಡು ಕಿರುಚುತ್ತಿದ್ದೆವಲ್ಲ, ಆ ಸ್ನಾನದ ಮನೆಯ ಬಾಗಿಲಿಗೂ 'ಮಳೆ ಬರುವವರೆಗೆ ರಜೆ' ಎಂದು ಚೀಟಿ ಅಂಟಿಸಿದ್ದಾರೆ. ಸರ್ಕಾರದವರು ಬಾಟಲಿ ನೀರು ಹಂಚುತ್ತಾರೆ. ಅಕ್ಕಿ ತೊಳೆದ ನೀರಲ್ಲಿ ಮುಖ, ಮುಖ ತೊಳೆದ ನೀರಲ್ಲಿ ಕಾಲು, ಕಾಲು ತೊಳೆದ ನೀರು ಕಕ್ಕಸಿಗೆ. ಹೆಂಗಸರೆಲ್ಲ ಹಗಲಿಡೀ ಸಭಾಮನೆಯ ಏಸಿ ಕೆಳಗೆ ಚಾಪೆ ಹಾಸಿ ಮಲಗಿರುತ್ತೇವೆ. ಕಲ್ಲಂಗಡಿಯ ಮುಂದೆ ಮಾತ್ರ ಎದ್ದು ಕೂರುತ್ತೇವೆ.

ಮೋಡ ಬರುವುದಿಲ್ಲ ಅಂತಲ್ಲ ಕಣೇ. ಬರುತ್ತವೆ. ಹೆಣ್ಣು ನೋಡಲು ಬಂದವರ ಹಾಗೆ ದೇಗ್ವಾಲ್ಯೊಂಗ್ ಘಟ್ಟದ ನೆತ್ತಿಯ ಮೇಲೆ ಕೂತು, ನಮ್ಮ ಕಡೆ ಇಣುಕಿ, ಎದ್ದು ಹೋಗುತ್ತವೆ. ಘಟ್ಟದ ಆ ಬದಿಯಲ್ಲಿ ಸುರಿಯುತ್ತದೆ, ಈ ಬದಿಗೆ ಒಲೆಯ ಉಸಿರು. ಟಿವಿಯ ಹುಡುಗಿಗೆ ಘಟ್ಟ ಗೊತ್ತಿಲ್ಲ. ನಕ್ಷೆಯಲ್ಲಿ ಪ್ರಾಂತ್ಯದ ಮೇಲೆಲ್ಲ ಕೈಯಾಡಿಸಿ ಮಳೆ ಎನ್ನುತ್ತಾಳೆ. ಅದನ್ನೇ ನಮ್ಮ ಮನೆಯವರು ಬೆಳಿಗ್ಗೆ ಧ್ವನಿವರ್ಧಕದಲ್ಲಿ ಊರಿಗೆಲ್ಲ ಹೇಳುತ್ತಿದ್ದರು.

ನೀನು ಮದುವೆಯಾಗಿ ಹೋದ ಎಷ್ಟೋ ವರ್ಷದ ಮೇಲೆ ಅವರಿಗೆ ಊರ ಯಜಮಾನಿಕೆ ಬಂದದ್ದು, ಹಾಗಾಗಿ ಅವರ ಬೆಳಗಿನ ವೈಭವ ನೀನು ಸರಿಯಾಗಿ ಕಂಡಿಲ್ಲ. ಮೊದಲು ಹಳೆಯದೊಂದು ಹಾಡು ಹಾಕುವುದು. ಆಮೇಲೆ ಮೈಕಿಗೆ ಫೂ ಫೂ ಎಂದು ಊದುವುದು. ಆಮೇಲೆ ಗಂಟಲು ಸರಿಮಾಡಿಕೊಂಡು, 'ಆ, ಆ, ಊರ ಯಜಮಾನ ಮಾತಾಡ್ತಿದೀನಿ.' ಮನೆಯಲ್ಲಿ ಉಪ್ಪು ಕೇಳಲೂ ಸಂಕೋಚಪಡುವ ಗಂಡಸು ಮೈಕಿನ ಮುಂದೆ ಮಂತ್ರಿಯಾಗುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ ಇತ್ತು, ಯಾರಿಗೂ ಹೇಳಿಲ್ಲ.

ಈ ಬೇಸಿಗೆಯಲ್ಲಿ ಅವರ ಮಾತು ದಿನಾ ಒಂದೇ. ಬಿಸಿಲು ಜೋರು, ಮಧ್ಯಾಹ್ನ ಹಿರಿಯರು ಯಾರೂ ಹೊರಗೆ ಕಾಲಿಡಬೇಡಿ. ಸಂಜೆಗೆ ಮಳೆಯಂತೆ, ಎಲ್ಲರೂ ಮಳೆಮುಸುರೆ ಮುಗಿಸಿಕೊಳ್ಳಿ. ಎರಡೂ ಒಂದೇ ಉಸಿರಿನಲ್ಲಿ. ನಿನ್ನ ಮಕ್ಕಳು ಈ ಮಾತನ್ನು ಕೇಳಿರಲಾರರು. ಮಳೆಗೆ ಮುಂಚೆ ಒಣಹಾಕಿದ ಮೆಣಸಿನಕಾಯಿ ಎತ್ತುವುದು, ಹುದುಗಲು ಬಿಸಿಲಿಗೆ ತೆರೆದಿಟ್ಟ ಸೋಯಾ ಭರಣಿಗಳ ಮುಚ್ಚಳ ಹಾಕುವುದು, ಸೌದೆಗೆ ಟಾರ್ಪಾಲು ಹೊದಿಸುವುದು, ಇಷ್ಟಕ್ಕೂ ನಮ್ಮವರು ಪಾತ್ರೆ ತೊಳೆಯುವ ಮುಸುರೆಯ ಹೆಸರನ್ನೇ ಇಟ್ಟುಬಿಟ್ಟಿದ್ದಾರಲ್ಲ. ಮೊದಲಿಗೆ ಎಲ್ಲರೂ ಓಡಿ ಓಡಿ ಮಾಡಿದೆವು. ಮಳೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಸಭಾಮನೆಯಲ್ಲಿ ಹೆಂಗಸರು ನನ್ನ ಮುಂದೆಯೇ ಶುರುಮಾಡಿದರು. 'ಏನ್ ಯಜಮಾನಿ, ನಿಮ್ಮನೇಲಿ ಊಟಕ್ಕೆ ಮುಂಚೇನೇ ಮುಸುರೆ ತಿಕ್ತೀರಾ?' ನಾನೂ ನಕ್ಕೆ. ನಗದೆ ಏನು ಮಾಡಲಿ. ಕೊನೆಗೆ ಇವರು ಹೇಳುವುದು, ಊರು ಆಕಳಿಸುವುದು, ಹಾಗಾಯಿತು. ಮೆಣಸಿನಕಾಯಿ ರಾತ್ರಿಯೂ ಹೊರಗೇ ಬಿದ್ದಿರುತ್ತಿತ್ತು.

ನಿಮ್ಮಮ್ಮ ಮಾತ್ರ ಬಿಡಲಿಲ್ಲ. ಇವರು ಮೈಕು ಆರಿಸಿ ಸಭಾಮನೆಯ ಕಿಟಕಿಯಲ್ಲಿ ನಿಂತರೆ ನಿಮ್ಮ ತಾರಸಿ ಪೂರ್ತಿ ಕಾಣುತ್ತದೆ. ಅಮ್ಮ ಏಣಿ ಹತ್ತಿ, ಬಗ್ಗಿದ ಸೊಂಟದಲ್ಲೇ ಕೆಂಪು ಮೆಣಸಿನಕಾಯಿಯನ್ನು ಗೋರಿ ಗೋರಿ ಚೀಲಕ್ಕೆ ತುಂಬುವುದನ್ನು ನೋಡಿ ಇವರ ಮುಖ ಅರಳುತ್ತಿತ್ತು. 'ನೋಡು, ಸಾಮ್‌ಚೊಕ್ ಅಜ್ಜಿ ಎತ್ತಿಡ್ತಿದಾರೆ. ಅರ್ಥ ಆಗೋರಿಗೆ ಆಗುತ್ತೆ' ಎನ್ನುತ್ತಿದ್ದರು. ಅಮ್ಮನನ್ನು ಊರವರೆಲ್ಲ ತವರೂರಿನ ಹೆಸರು ಹಿಡಿದೇ ಕರೆಯುತ್ತಿದ್ದರೆಂಬುದು ನಿನಗೆ ಗೊತ್ತೇ ಇದೆ. ಮಾರನೆಯ ಬೆಳಿಗ್ಗೆ ಅಮ್ಮ ಮತ್ತೆ ಅಷ್ಟನ್ನೂ ಹರವುತ್ತಿದ್ದರು.

ಆ ದಿನ ಹೇಗಾಯಿತೆಂದು ನೀನು ಕೇಳಲಿಲ್ಲ, ಆ ಗಲಾಟೆಯಲ್ಲಿ ನಾನೂ ಹೇಳಲಿಲ್ಲ. ಈಗ ಬರೆಯುತ್ತೇನೆ, ಓದುವ ಶಕ್ತಿ ಇದ್ದರೆ ಓದು. ಬೆಳಿಗ್ಗೆ ಟಿವಿಯವರು ಖಂಡಿತ ಮಳೆ ಎಂದರು. ಇವರು ಎಂದಿಗಿಂತ ಗಟ್ಟಿಯಾಗಿ ಹೇಳಿದರು, ಹಾಡನ್ನೂ ಎರಡು ಸಲ ಹಾಕಿದರು. ಮಧ್ಯಾಹ್ನ ನಾನು ಸೋಯಾ ಹಾಲಿನಲ್ಲಿ ತಣ್ಣನೆ ಶಾವಿಗೆ ಮಾಡಿ, ಅಮ್ಮನಿಗೂ ಒಂದು ಬಟ್ಟಲು ಕೊಡೋಣವೆಂದು ಹೋದೆ. ಬಾಗಿಲು ತೆರೆದಿತ್ತು. ಅಂಗಳದ ಭರಣಿಗಳಿಗೆಲ್ಲ ಮುಚ್ಚಳ ಹಾಕಿ ಆಗಿತ್ತು. ಏಣಿ ಗೋಡೆಗೆ ಒರಗಿತ್ತು. ಮೇಲೆ ಹತ್ತಿದರೆ ಅಮ್ಮ ಮೆಣಸಿನಕಾಯಿಯ ಚಾಪೆಯ ಮೇಲೆ ಒಂದು ಕೆನ್ನೆ ಊರಿ ಮಲಗಿದ್ದರು. ಪಕ್ಕದ ಚೀಲ ಅರ್ಧ ತುಂಬಿತ್ತು. ತಾರಸಿಯ ಕಾವಿಗೆ ನನ್ನ ಅಂಗೈ ಸುಟ್ಟಿತು, ಅಮ್ಮನ ಹಣೆ ಅದಕ್ಕಿಂತ ಬಿಸಿ ಇತ್ತು. ಶಾವಿಗೆಯ ಹಾಲನ್ನೇ ಮುಖಕ್ಕೆ ಚಿಮುಕಿಸಿದೆ. ನಲ್ಲಿಯಲ್ಲಿ ನೀರಿರಲಿಲ್ಲ ಹ್ವಾಜಾ. ಆಂಬ್ಯುಲೆನ್ಸಿನವರು ಬಂದರು, ಆದರೆ ಆಗಲೇ ಆಗಿಹೋಗಿತ್ತು. ಆ ಸಂಜೆಯೂ ಮೋಡಗಳು ಘಟ್ಟದ ಮೇಲೆ ಕೂತು ಎದ್ದು ಹೋದವು.

ಶವದ ಮುಂದೆ ನೀನು ಅಂದ ಮಾತಿಗೆ ನಾನು ತಪ್ಪು ಹಿಡಿಯುವುದಿಲ್ಲ. ಹೆತ್ತವಳನ್ನು ಕಳೆದುಕೊಂಡವಳು ಏನು ಬೇಕಾದರೂ ಅನ್ನಬಹುದು. 'ಭಾವ, ನಿಮ್ಮ ಮಾತು ನಂಬ್ಕೊಂಡು ನಮ್ಮಮ್ಮ ಮೇಲೆ ಹತ್ತಿದ್ಲು. ಈ ಊರಲ್ಲಿ ನಿಮ್ಮನ್ನ ನಂಬಿದ್ದು ಅವಳೊಬ್ಬಳೇ' ಎಂದೆ ನೀನು. ಮಾರನೆಯ ದಿನ ಇವರು ಸಭಾಮನೆಯ ಬೀಗದ ಕೈಯನ್ನು ಯಾರೋ ಮರೆತು ಬಿಟ್ಟುಹೋದ ಹಾಗೆ ಮೇಜಿನ ಮೇಲಿಟ್ಟು ಬಂದರು. ಅವರನ್ನು ಯಾರೂ ತೆಗೆದುಹಾಕಲಿಲ್ಲ, ಇರಿ ಎಂದೂ ಯಾರೂ ಹೇಳಲಿಲ್ಲ.

ಆವತ್ತಿನಿಂದ ಇವರು ಮಾತು ಬಿಟ್ಟಿದ್ದಾರೆ. ಪೂರ್ತಿ ಬಿಟ್ಟಿಲ್ಲ, ಹ್ಞೂಂ, ಬೇಡ, ಆಯ್ತು, ಇಷ್ಟು ಇದೆ. ಊಟ ಅರ್ಧ. ರಾತ್ರಿ ಸೆಕೆಗೆ ಎದ್ದರೆ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಿಸಿಲಿಗೆ ಹೀಗಾಗುತ್ತದೆ, ಒಂದು ಮಳೆ ಬಿದ್ದರೆ ಸರಿಹೋಗುತ್ತಾರೆ ಎಂದರು. ಎಂಥ ಔಷಧಿ ಬರೆದುಕೊಟ್ಟರು ನೋಡು. ನಾನು ಗದರಿದೆ, ಕಣ್ಣೀರು ಹಾಕಿದೆ, ಅವರಿಗಿಷ್ಟವಾದ ಮೀನು ಹುರಿದಿಟ್ಟೆ. ಏನೂ ಉಪಯೋಗವಿಲ್ಲ. ಈ ಗಂಡಸು ನನ್ನ ಕಣ್ಣ ಮುಂದೆಯೇ ಒಣಗುತ್ತಿದ್ದಾರೆ ಕಣೇ, ನನ್ನಿಂದ ಏನೂ ಮಾಡಲಾಗುತ್ತಿಲ್ಲ.

ಹೊಸ ಯಜಮಾನ ದೊಕ್‌ಸು, ಗಿರಣಿಯವರ ಕಿರಿಯ ಮಗ. ಅವನು ಟಿವಿ ನಂಬುವುದಿಲ್ಲ, ಫೋನಿನಲ್ಲಿ ನೋಡಿ ಓದುತ್ತಾನೆ. ಫೋನು ಗಂಟೆಗೊಂದು ಹೇಳುತ್ತದೆ, ಹಾಗಾಗಿ ಈಗ ದಿನಕ್ಕೊಂದು ಸುಳ್ಳಿನ ಬದಲು ಹತ್ತು. ಜನ ಅವನನ್ನು ನೋಡಿ ನಗುವುದನ್ನೂ ಬಿಟ್ಟಿದ್ದಾರೆ. ನಗಲೂ ಬಾಯಲ್ಲಿ ಪಸೆ ಬೇಕು.

ಇನ್ನೊಂದು ಮುಖ್ಯ ವಿಷಯ, ಅದಕ್ಕೇ ಈ ಕಾಗದ. ಅಮ್ಮನ ಭರಣಿಗಳು ಹಾಗೇ ಇವೆ. ಈ ವರ್ಷದ ಸೋಯಾ ಹದವಾಗಿ ಬಂದಿದೆ, ಮುಚ್ಚಳ ತೆಗೆದರೆ ಅಂಗಳವೆಲ್ಲ ಅಮ್ಮನ ಅಡುಗೆಮನೆಯ ವಾಸನೆ. ಮೆಣಸಿನಕಾಯಿಯನ್ನು ನಾನೇ ಒಣಗಿಸಿ, ತೊಟ್ಟು ತೆಗೆದು, ಚೀಲ ಕಟ್ಟಿಟ್ಟಿದ್ದೇನೆ. ಚುಸೋಕ್ ಹಬ್ಬಕ್ಕೆ ಹಿರಿಯರ ಗೋರಿಯ ಮೇಲಿನ ಹುಲ್ಲು ಕೊಯ್ಯಲು ಬರುತ್ತೀಯಲ್ಲ, ಆಗ ತೆಗೆದುಕೊಂಡು ಹೋಗು. ಹುಲ್ಲೇನೂ ಬೆಳೆದಿಲ್ಲ, ಆದರೂ ಬಾ. ನಮ್ಮ ಮನೆಯಲ್ಲಿ ಉಳಿಯಲು ಮನಸ್ಸಿಲ್ಲದಿದ್ದರೆ ಅಂಗಳದಿಂದಲೇ ಹೋಗು, ನಾನು ಒತ್ತಾಯ ಮಾಡುವುದಿಲ್ಲ. ಅಲ್ಲಿಯವರೆಗೆ ಬೆಳಿಗ್ಗೆ ಮುಚ್ಚಳ ತೆಗೆದು ಸಂಜೆ ಹಾಕುವ ಕೆಲಸ ನನ್ನದು.

ಅದೂ ಪೂರ್ತಿ ನನ್ನದಲ್ಲ. ದೊಕ್‌ಸು ಮಳೆ ಎಂದು ಕೂಗಿದಾಗಲೆಲ್ಲ ಇವರು ಎದ್ದು ನಿಮ್ಮ ಅಂಗಳಕ್ಕೆ ಹೋಗುತ್ತಾರೆ. ಒಂದೊಂದೇ ಭರಣಿಗೆ ಮುಚ್ಚಳ ಹಾಕಿ, ಮೇಲೆ ಕಲ್ಲು ಹೇರಿ, ತಾರಸಿಗೂ ಹತ್ತಿ ನೋಡಿ ಬರುತ್ತಾರೆ. ತಾರಸಿಯ ಮೇಲೆ ಈಗ ಏನೂ ಇಲ್ಲ. ಊರಲ್ಲಿ ಬೇರೆ ಯಾರೂ ಕೂತಲ್ಲಿಂದ ಏಳುವುದಿಲ್ಲ. ಅವರು ಹೋದ ಹಿಂದೆಯೇ ನಾನು ಹೋಗಿ ಮುಚ್ಚಳಗಳನ್ನು ಮತ್ತೆ ತೆಗೆಯುತ್ತೇನೆ, ಇಲ್ಲವಾದರೆ ಈ ಸೆಕೆಗೆ ಸೋಯಾ ಹುಳಿಯುತ್ತದೆ. ಗಂಡ ಹೆಂಡತಿ ಈ ವಯಸ್ಸಿನಲ್ಲಿ ಆಡುತ್ತಿರುವ ಆಟ ನೋಡು.

ಬೆವರು ಕಣ್ಣಿಗಿಳಿಯುತ್ತಿದೆ, ಇಲ್ಲಿಗೆ ಮುಗಿಸುತ್ತೇನೆ. ನಿನ್ನ ಸೊಸೆಗೆ ತಿಂಗಳು ತುಂಬುತ್ತಾ ಬಂತಲ್ಲ, ಹೆರಿಗೆ ಹೂವೆತ್ತಿದಷ್ಟು ಹಗುರಾಗಲಿ. ನಿಮ್ಮ ಮನೆಯವರ ಮೊಣಕಾಲು ಮೆಟ್ಟಿಲು ಹತ್ತುವಂತಾಗಲಿ. ನಿನ್ನ ಮನೆಯಲ್ಲಿ ನಲ್ಲಿ ತಿರುವಿದಾಗಲೆಲ್ಲ ನೀರು ಬರಲಿ, ನಾನು ಈಗ ಕೊಡಬಲ್ಲ ದೊಡ್ಡ ಆಶೀರ್ವಾದ ಅದೇ. ನನಗಿಂತ ನೀನು ಎಂಟು ತಿಂಗಳಿಗೆ ಚಿಕ್ಕವಳು, ಹಾಗಾಗಿ ಹರಸುವ ಹಕ್ಕು ನನಗಿದೆ.

ಇಂತಿ ನಿನ್ನ,
ಯೊನ್‌ಸಿಮ್

ಮತ್ತೆ: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಇದನ್ನು ಬರೆಯದೆ ಅಂಚೆಗೆ ಹಾಕಿದರೆ ನಿನ್ನ ಹತ್ತಿರ ಸುಳ್ಳು ಹೇಳಿದಂತೆ ಆಗುತ್ತದೆ.

ಅಮ್ಮ ಹೋಗುವ ಸ್ವಲ್ಪ ದಿನ ಮುಂಚೆ, ಹೀಗೇ ಇವರು ಮಳೆ ಎಂದು ಕೂಗಿದ ಮೇಲೆ, ನಿಮ್ಮ ಏಣಿ ಹಿಡಿದುಕೊಂಡು ನಿಂತಿದ್ದೆ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಇತ್ತು. ಅಮ್ಮ, ಒಂದು ಚೂರು ಮೋಡ ಇಲ್ಲ, ಸುಮ್ಮನೆ ಯಾಕೆ ಒದ್ದಾಡುತ್ತೀರಿ ಎಂದೆ. ಅಮ್ಮ ಮೇಲಿನಿಂದ ಬಗ್ಗಿ ನೋಡಿ ನಕ್ಕರು.

'ಮಳೆ ಬರಲ್ಲ ಅಂತ ಕಾಣಕ್ಕೆ ನಂಗೇನು ಕಣ್ಣಿಲ್ವೇನೇ? ನಿನ್ನ ಗಂಡ ಆ ಕಿಟಕೀಲಿ ನಿಂತ್ಕೊಂಡು ಇಲ್ಲಿಗೇ ನೋಡ್ತಿರ್ತಾನೆ. ಊರೆಲ್ಲ ಅವನನ್ನ ನೋಡಿ ನಗುತ್ತೆ. ಒಂದು ಮನೆಯವರಾದ್ರೂ ಅವನ ಮಾತು ಕೇಳಿದ ಹಾಗೆ ಕಾಣ್ಬೇಡ್ವಾ? ಇಲ್ದಿದ್ರೆ ಪಾಪ, ನಾಳೆ ಬೆಳಿಗ್ಗೆ ಯಾವ ಮುಖ ಇಟ್ಕೊಂಡು ಮೈಕ್ ಹಿಡೀತಾನೆ. ಅವನಿಗೆ ಹೇಳ್ಬೇಡ.'

ನಾನು ಹೇಳಿಲ್ಲ. ನಿಮ್ಮಮ್ಮ ಅವರನ್ನು ನಂಬಿ ಹತ್ತಲಿಲ್ಲ ಹ್ವಾಜಾ. ನಂಬದೆಯೇ ಹತ್ತಿದರು, ದಿನಾ. ಅವಳೊಬ್ಬಳಾದರೂ ನಂಬಿದ್ದಳು ಎಂಬ ನಿನ್ನ ಆ ಒಂದು ಮಾತನ್ನು ಹಿಡಿದುಕೊಂಡೇ ಇವರು ಕೊರಗುತ್ತಿದ್ದಾರೆ, ಅದನ್ನು ಹಿಡಿದುಕೊಂಡೇ ಬದುಕಿಯೂ ಇದ್ದಾರೆ. ಅದನ್ನೂ ಕಿತ್ತುಕೊಂಡರೆ ಏನು ಉಳಿಯುತ್ತದೆ? ನನಗೆ ಧೈರ್ಯವಿಲ್ಲ. ನಿನಗೆ ಗೊತ್ತಿರಲಿ. ಹಬ್ಬಕ್ಕೆ ಬಂದಾಗ ಅವರ ಮೇಲೆ ಎಷ್ಟು ಬೇಕಾದರೂ ಕೋಪ ಮಾಡಿಕೊ, ಇದನ್ನು ಮಾತ್ರ ಹೇಳಬೇಡ.

ಇಷ್ಟು ಬರೆಯುವಷ್ಟರಲ್ಲಿ ದೊಕ್‌ಸು ಮತ್ತೆ ಕೂಗುತ್ತಿದ್ದಾನೆ, ಸಂಜೆಗೆ ಮಳೆಯಂತೆ, ಮಳೆಮುಸುರೆ ಮುಗಿಸಿಕೊಳ್ಳಬೇಕಂತೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಇವರು ಎದ್ದು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದಾರೆ. ಟೋಪಿ ಹಾಕಿಕೊಂಡು ಹೋಗಿ ಎಂದೆ, ಅಷ್ಟೇ.