ಗಾಜಿನ ಕೆಳಗಿನ ಸಮುದ್ರ

ರೀ,

ಸೋಯಾ ಮೊಳಕೆಯ ಸಾರು ಒಲೆಯ ಮೇಲಿದೆ, ಕಿಮ್ಚಿ ಫ್ರಿಜ್ಜಿನಲ್ಲಿದೆ. ಅಡುಗೆಮನೆಯ ನೆಲದ ಮೇಲೆ ಮಗಳು ಕಲಸಿಟ್ಟ ಅಕ್ಕಿಹಿಟ್ಟಿನ ಅಂಟು, ಚಿಪ್ಪು, ಒಣಗಿದ ಕಡಲಪಾಚಿ ಹರಡಿವೆ. ಕಸವೆಂದು ಗುಡಿಸಿಬಿಡಬೇಡಿ, ಅವೇ ಅವಳ ಬಣ್ಣ.

ನಾನು ಸಂಸ್ಕೃತಿ ಭವನದ ಬಾಗಿಲಿಗೆ ಹೋಗುತ್ತಿದ್ದೇನೆ. ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಮಾಡಿದ ಚಿತ್ರಗಳನ್ನು, ನಮ್ಮವಳ ಸಮುದ್ರವನ್ನೂ ಸೇರಿಸಿ, ಗಾಜಿನ ಕೆಳಗಿಟ್ಟು 'ಮುಟ್ಟಬೇಡಿ' ಎಂದು ಬರೆದಿದ್ದಾರೆ. ನಿನ್ನೆ ದಾಸೊಮ್ ಗಾಜಿನ ಮೇಲೆ ಕೈಯಾಡಿಸಿ, "ಅಮ್ಮಾ, ನನ್ನ ಸಮುದ್ರ ಯಾಕೆ ಮಂಜುಗಡ್ಡೆ ಆಯ್ತು?" ಎಂದಳು. "ಧೂಳು ಕೂತ್ರೆ ನೋಡೋಕೆ ಚೆನ್ನಾಗಿರಲ್ಲಮ್ಮಾ" ಎಂದು ಭವನದ ಅಧಿಕಾರಿ ನಕ್ಕ. ಯಾರು ನೋಡೋಕೆ ಸ್ವಾಮಿ? ಗಾಜು ತೆಗೆಯುವವರೆಗೆ ದಿನವೂ ಫಲಕ ಹಿಡಿದು ನಿಲ್ಲುತ್ತೇನೆ.

"ನಿನ್ನ ಓದುಬಳಗದ ಹುಲಿಗಳೆಲ್ಲ ಎಲ್ಲೇ? ಪುಸ್ತಕದೊಳಗೇ ಮಲಗಿದ್ವಾ?" ಎಂದು ಅಣಕಿಸಿದಿರಲ್ಲ, ಅವರು ಬರುತ್ತೇವೆಂದೇ ಅಂದರು. ನಾನೇ ಬೇಡವೆಂದೆ. ಒಬ್ಬರೇ ನಿಂತರೆ ಪೊಲೀಸರಿಗೆ ಮೊದಲೇ ತಿಳಿಸಬೇಕಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ನಿಂತರೆ ಅದು ಸಭೆ, ಮೊದಲೇ ತಿಳಿಸಿಲ್ಲವೆಂದು ಚದುರಿಸಿ ಕಳಿಸುತ್ತಾರೆ. ಇದೆಂಥ ಕಾನೂನು, ಒಂಟಿಯಾದವಳಿಗೆ ಮಾತ್ರ ಬಾಯಿ!

ಹಾಗಾಗಿ ನೀವೂ ಪಕ್ಕಕ್ಕೆ ಬರಬೇಡಿ. ಬರಲೇಬೇಕೆನಿಸಿದರೆ ರಸ್ತೆಯ ಆಚೆ ನಿಲ್ಲಿ, ಅಷ್ಟಾದರೂ ನನಗೆ ಸಾಕು. ಆದರೆ ದಾಸೊಮ್‌ಳನ್ನು ಕರೆತರಬೇಡಿ. ನನ್ನ ಮುಖ ಸವರಿದ ಮೇಲೆಯೇ ನಾನಿದ್ದೇನೆಂದು ನಂಬುವ ಕೂಸು ಅದು. ರಸ್ತೆಯ ಆಚೆಯಿಂದ ಅವಳಿಗೆ ಏನೆಂದು ಹೇಳುತ್ತೀರಿ?

ಅವಳಿನ್ನೂ ಮಲಗಿದ್ದಾಳೆ, ಎಚ್ಚರವಾದ ಕೂಡಲೇ ಪಕ್ಕದ ಹಾಸಿಗೆ ತಡವುತ್ತಾಳೆ. ಇದನ್ನು ಓದಿದ ಮೇಲೆ ಹೋಗಿ ನನ್ನ ಜಾಗದಲ್ಲಿ ಮಲಗಿ. ಅದು ತಣ್ಣಗಿರಬಾರದು.