ಮೂರನೇ ಹೊಂಡದ ಮೀನುಗಳು

ಮಾರ್ಚ್ 6, ಬುಧವಾರ
ಮತ್ತೆ ಗಣಿ ನೀರಿನ ತಪಾಸಣೆ. ಮತ್ತೆ ಬೂಟಿನೊಳಗೆ ಕೆಸರು. ಗಣಿಯಿಂದ ಪಂಪ್ ಎತ್ತಿದ ನೀರು ಮೊದಲ ಹೊಂಡದಲ್ಲಿ ಮಸಿ, ಎರಡನೆಯದರಲ್ಲಿ ಬೂದಿ, ಮೂರನೆಯದರಲ್ಲಿ ತಿಳಿ. ಅಲ್ಲಿಂದ ತೂಬು. ತೂಬಿನಿಂದ ಕೆಳಗಿನ ಹಳ್ಳಿಯ ಜೋಳದ ಹೊಲಗಳಿಗೆ. ಮೂರನೇ ಹೊಂಡದಲ್ಲಿ ಕೆಂಪು ಮೀನುಗಳು, ಮೊಳದುದ್ದ. “ನೀರು ಕೆಟ್ಟಿದ್ರೆ ಇವು ಬದುಕ್ತಿದ್ವಾ, ಯಾನ್ ಮೇಡಂ?” ಮ್ಯಾನೇಜರ್ ಪಾಂಗ್‌ನ ಹಳೇ ಪಲ್ಲವಿ. ಸ್ಯಾಂಪಲ್ ಪಾಸ್. ಸಹಿ ಹಾಕಿದೆ. ಅವರ ಕ್ಯಾಂಟೀನಿನಲ್ಲೇ ಊಟ, ವಿನೆಗರ್ ಸುರಿದ ನೂಡಲ್ಸ್, ಕುರಿ ಮಾಂಸ.

ಜೂನ್ 12
ನೀರು ತಿಳಿ. ಪಾಸ್. ಸಹಿ. ಮೀನುಗಳು ಗೇಣುದ್ದ… ಮಾರ್ಚ್‌ನಲ್ಲಿ ಇನ್ನೂ ದೊಡ್ಡವಿದ್ದವಲ್ಲ? ನನ್ನ ಕಣ್ಣೇ ಸರಿಯಿಲ್ಲವೇನೋ. ಪಾಂಗ್ ಊಟದ ಉದ್ದಕ್ಕೂ ಹಲ್ಲು ಕಡ್ಡಿಯಲ್ಲಿ ಕೆದಕುತ್ತ ಪರಿಸರದ ಬಗ್ಗೆ ಭಾಷಣ ಬಿಗಿದ. ಆದರೂ ತಟ್ಟೆ ಖಾಲಿ ಮಾಡಿದೆ, ನಾಚಿಕೆಗೇಡು.

ಸೆಪ್ಟೆಂಬರ್ 11, ಬುಧವಾರ
ನೀರು ತಿಳಿ. ಪಾಸ್. ಸಹಿ. ಆದರೆ ಇಂದು ಮೀನುಗಳು ಬೆರಳುದ್ದ! ಲೋಕದಲ್ಲಿ ಮೀನುಗಳು ಬೆಳೆಯುತ್ತವೆ, ಇಲ್ಲಿ ಮಾತ್ರ ಕುಗ್ಗುತ್ತವೆ. ಕೇಳಿದೆ.
“ಇವು ಮರಿಗಳು ಮೇಡಂ. ಸಂಸಾರ ಬೆಳೀತಿದೆ.”
“ಅಪ್ಪ ಅಮ್ಮ ಎಲ್ಲಿ?”
“ತಳದಲ್ಲಿ. ಸ್ವಲ್ಪ ನಾಚಿಕೆ ಸ್ವಭಾವ.”
ಹೇಳುತ್ತ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡ. ಅವನು ಫೋನಿಗೆ ಅತ್ತ ಹೋದಾಗ ತೂಬಿನ ಬಳಿ ರೆನ್ ಚಿಕ್ಕಮ್ಮನನ್ನು ಹಿಡಿದೆ. ಹೊಂಡಗಳನ್ನು ನೋಡಿಕೊಳ್ಳುವವಳು, ಕೆಳಗಿನ ಹಳ್ಳಿಯವಳು.
“ಸಂತೆಯಿಂದ ತರ್ತೀನಮ್ಮ. ನೀವು ಬರೋ ಹಿಂದಿನ ದಿನ ಗಣಿ ಪಂಪ್ ಆಫ್. ಮೂರನೇ ಹೊಂಡ ಬಳಿದು ಬೋರ್‌ವೆಲ್ ನೀರು ಬಿಡ್ತಾರೆ, ಆಮೇಲೆ ಮೀನು. ನೀವು ಹೋದ್ಮೇಲೆ ಪಂಪ್ ಆನ್. ನಾಕು ದಿನಕ್ಕೆ ಎಲ್ಲ ಮಕಾಡೆ. ಹೇಗೂ ಸಾಯೋವು, ಸಣ್ಣವೇ ಸಾಕು ಅಂದ್ರು.”
“ನಾವು ಬರೋದು ಯಾರು ಹೇಳ್ತಾರೆ?”
ಚಿಕ್ಕಮ್ಮ ನನ್ನನ್ನೇ ನೋಡಿದಳು. “ನೀವೇ! ಊಟಕ್ಕೆ ಎಷ್ಟು ಜನ ಅಂತ ಎರಡು ದಿನ ಮುಂಚೆ ಫೋನ್ ಮಾಡಲ್ವಾ?”

ಅದೇ ದಿನ, ಸಂಜೆ 6
ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ ಆ ಫೋನು. ಹೇಳದೆ ಹೋದರೆ ಅಡುಗೆಯವರಿಗೆ ತೊಂದರೆ ಎಂಬ ಮರ್ಯಾದೆ. ಥೂ. ಪಾಂಗ್‌ಗಿಂತ ನನ್ನ ಮೇಲೇ ಹೇಸಿಗೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ, ಅದೂ ಮೆನು ಕೇಳಿಕೊಂಡು.

ಸೆಪ್ಟೆಂಬರ್ 17
ಚಂದ್ರನ ಹಬ್ಬ. ಗಣಿಯಿಂದ ಸಿಹಿಯ ಡಬ್ಬಿ ಬಂತು. ತಂದ ಡ್ರೈವರ್ ಕೈಯಲ್ಲೇ ವಾಪಸ್.

ಸೆಪ್ಟೆಂಬರ್ 19, ಗುರುವಾರ
ಫೋನ್ ಮಾಡಲಿಲ್ಲ. ಬಸ್ಸಿನಲ್ಲಿ ಒಬ್ಬಳೇ ಹೋದೆ. ಗೇಟಿನಲ್ಲಿ ತಡೆದರು, ಚಿಕ್ಕಮ್ಮ ಹಿಂದಿನ ಬೇಲಿ ತೆಗೆದಳು. ಮೂರನೇ ಹೊಂಡ ಮಸಿ. ಬಿಳಿ ಹೊಟ್ಟೆಗಳು ಅಂಚಿಗೆ ಸೇರಿವೆ, ವಾಸನೆ ಗಂಟಲಿಗೆ ಇಳಿಯಿತು. ಚಿಕ್ಕಮ್ಮ ಬಲೆಯಲ್ಲಿ ಬಾಚಿ ಗೋಣಿಚೀಲಕ್ಕೆ ತುಂಬುತ್ತಿದ್ದಳು. ಮೂರು ಬಾಟಲಿ ತುಂಬಿ ಸೀಲ್ ಮಾಡಿದೆ.
ಸ್ಯಾಂಪಲ್ ಫಾರಂನಲ್ಲಿ ಸಾಕ್ಷಿಗೆ ಗಣಿಯವರೊಬ್ಬರ ಸಹಿ ಇಲ್ಲವೇ ಹೆಬ್ಬೆಟ್ಟು ಬೇಕು. ಓಡಿಬಂದ ಪಾಂಗ್ ಒಪ್ಪಲಿಲ್ಲ. ಚಿಕ್ಕಮ್ಮನೂ ಹಿಂದೆ ಸರಿದಳು. “ಹೊಟ್ಟೆಪಾಡಮ್ಮ. ಈ ವಯಸ್ಸಲ್ಲಿ ಇನ್ಯಾರು ಕೆಲಸ ಕೊಡ್ತಾರೆ?” ಒತ್ತಾಯ ಮಾಡಲಿಲ್ಲ. ಯಾವ ಬಾಯಲ್ಲಿ ಮಾಡಲಿ.

ಸೆಪ್ಟೆಂಬರ್ 20
ನಮ್ಮ ಕಚೇರಿಯ ನಿರ್ದೇಶಕ ದುವಾನ್ ಬಾಟಲಿಗಳನ್ನು ನೋಡಲೂ ಇಲ್ಲ.
“ಗಣಿಯವರ ಸಹಿ ಇಲ್ಲ, ಲೆಕ್ಕಕ್ಕಿಲ್ಲ. ಮೂವತ್ತಕ್ಕೆ ಅವರ ಪರವಾನಗಿ ನವೀಕರಣ. ಈ ವರ್ಷದ ಒಳ್ಳೇ ವರದಿ ಮೂರೂ ನಿಂದೇ ತಾನೆ? ಇದೊಂದನ್ನ ನುಂಗ್ಬಿಡು.”
“ಇನ್ನೈದು ವರ್ಷ ಆ ನೀರು ಹೊಲಗಳಿಗೆ ಹೋಗುತ್ತೆ ಸರ್.”
“ನಿನ್ನ ಹೊಲ ಅಲ್ಲವಲ್ಲ?”
ಮಧ್ಯಾಹ್ನ ಸುದ್ದಿ ಬಂತು. ಬೇಲಿ ತೆಗೆದಿದ್ದಕ್ಕೆ ಚಿಕ್ಕಮ್ಮನನ್ನು ಕೆಲಸದಿಂದ ತೆಗೆದಿದ್ದಾರೆ. ನನ್ನಿಂದ. ಊಟ ಸೇರಲಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ, ಮಧ್ಯಾಹ್ನ 4
ಒಂದು ವಾರ ಏನೂ ಬರೆಯಲಿಲ್ಲ. ಬರೆಯುವಂಥದ್ದು ಏನನ್ನೂ ಮಾಡಿರಲಿಲ್ಲ.
ಊಟದ ಹೊತ್ತಿಗೆ ರೆನ್ ಚಿಕ್ಕಮ್ಮ ಕಚೇರಿಗೆ ಬಂದಳು. ಎರಡು ಬಸ್ಸು ಬದಲಿಸಿ, ಒಗೆದ ಅಂಗಿ ಹಾಕಿಕೊಂಡು.
“ಒಂದೇ ಕೆಲಸದಿಂದ ಎರಡು ಸಲ ತೆಗೆಯೋಕೆ ಆಗಲ್ಲವಲ್ಲ ಮಗಳೇ. ಎಲ್ಲಿ ಒತ್ಲಿ ಹೆಬ್ಬೆಟ್ಟು?”
ಹತ್ತೊಂಬತ್ತರಂದು ಅವಳು ಗಣಿಯ ಕೆಲಸದವಳೇ. ನಡೆಯುತ್ತದೆ! ಕೆಂಪು ಮಸಿಯ ಡಬ್ಬಿ ತೆರೆದೆ. ಒತ್ತಿದಳು. ಬರೀ ಬೊಟ್ಟು. ಗೆರೆಯಿಲ್ಲ. ಒರೆಸಿ ಮತ್ತೆ ಒತ್ತಿಸಿದೆ. ಇನ್ನೊಂದು ಬೆರಳು. ಇನ್ನೊಂದು ಕೈ. ಹತ್ತು ಬೆರಳು, ಹತ್ತು ಬೊಟ್ಟು, ಒಂದರಲ್ಲೂ ಒಂದು ಗೆರೆಯಿಲ್ಲ.
“ಸುಣ್ಣ ತಿಂದಿದೆ” ಎಂದಳು. “ಹನ್ನೆರಡು ವರ್ಷ ನೀರು ತಿಳಿಯಾಗ್ಲಿ ಅಂತ ಹೊಂಡಕ್ಕೆ ಬರಿಗೈಲೇ ಎರಚಿದ್ದಲ್ವಾ… ಇದು ಆಗಲ್ವಾ?”
ಆಗುತ್ತದೆ ಎಂದೆ. ಹಾಳೆಯನ್ನು ಹಾಗೇ ವರದಿಗೆ ಪಿನ್ ಮಾಡಿದೆ. ಬೊಟ್ಟುಗಳ ಕೆಳಗೆ ಬರೆದೆ: ಸಾಕ್ಷಿಯ ಕೈ ಇಂತಿದೆ. ಹಿಂದಿನ ಮೂರು ವರದಿಗಳೂ ಸುಳ್ಳು, ಸಹಿ ನನ್ನದೇ. ಒಂದು ಪ್ರತಿ ಪ್ರಾಂತದ ಕಚೇರಿಗೆ ಅಂಚೆಯಲ್ಲಿ ಹೋಯಿತು. ಕೆಲಸ ಹೋದರೆ ಹೋಗಲಿ. ಇನ್ನೊಂದು ಪ್ರತಿ ದುವಾನ್ ಮೇಜಿನ ಮೇಲಿದೆ. ಒಳಗಿಂದ ನನ್ನನ್ನು ಕೂಗುತ್ತಿದ್ದಾರೆ. ಚಿಕ್ಕಮ್ಮ ಎದ್ದು ನಿಂತಿದ್ದಾಳೆ, ತಾನೂ ಒಳಗೆ ಬರುತ್ತಾಳಂತೆ, ಕೈ ತೋರಿಸುತ್ತಾಳಂತೆ. ಬೇಡ ಎಂದರೂ—